ಅಲಸಂದೆಗೋ, ಜೋಳಕ್ಕೋ? ನಮ್ಮ ಹೊಲದ ಪೊಟ್ಯಾಷ್ ಚರಿತ್ರೆ



ಹೋದ ಭಾನುವಾರ ಡೈರಿಗೆ ಹಾಲು ಹಾಕಿ ಬರ್ತಿದ್ದೆ. ಪಕ್ಕದೂರಿನ ಹುಡುಗ ಒಬ್ಬ ಗಾಡಿ ನಿಲ್ಲಿಸಿ ಕೇಳಿದ: "ಅಣ್ಣಾ, ಮೇ ತಿಂಗಳಲ್ಲಿ ಅಲಸಂದೆ ಚೆಲ್ತೀನಿ, ಆಮೇಲೆ ಅದನ್ನ ಉತ್ತು ಮುಚ್ಚಿ ಸೈಲೇಜ್ ಜೋಳ ಹಾಕ್ತೀನಿ. ಪೊಟ್ಯಾಷ್ ಎಲ್ಲಾ ಅಲಸಂದೆಗೇ ಹಾಕ್ಬಿಟ್ರೆ ಜೋಳಕ್ಕೂ ಆಗುತ್ತಲ್ವಾ? ಎರಡು ಸಲ ಯಾಕೆ ಕೈ ಕೆಸರು ಮಾಡ್ಕೊಳ್ಳೋದು?"

ಪ್ರಶ್ನೆ ಚೆನ್ನಾಗಿದೆ. ಅಲ್ಲೇ ನಿಂತು "ಬೇಡಪ್ಪ, ಜೋಳಕ್ಕೇ ಇಟ್ಕೋ" ಅಂದೆ. ಯಾಕೆ ಅಂತ ಹೇಳೋಕೆ ಅಲ್ಲಿ ಹೊತ್ತಿರಲಿಲ್ಲ. ಇವತ್ತು ಕೂತು ಬರೀತಿದ್ದೀನಿ. ಉದ್ದ ಆಗುತ್ತೆ, ಯಾಕಂದ್ರೆ ಈ ಉತ್ತರಕ್ಕೆ ನಮ್ಮಜ್ಜಿ ಒಲೆ ಬೂದಿಯವರೆಗೂ ಹಿಂದೆ ಹೋಗಬೇಕು.

ಮೊದ್ಲು ಕಲ್ಲಿಂದ ಶುರು ಮಾಡ್ತೀನಿ. ನಮ್ಮ ಶಿವಗಂಗೆ ಬೆಟ್ಟ ಇರೋದು ಭೂಗರ್ಭ ಶಾಸ್ತ್ರದೋರು ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಕರೆಯೋ ಕಲ್ಲಿನ ಪಟ್ಟಿಯಲ್ಲಿ. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಬ್ಯಾರಿ ಕ್ಲೋಸ್ ಅನ್ನೋ ಬ್ರಿಟಿಷ್ ಅಧಿಕಾರಿಯಿಂದ ಆ ಹೆಸರು ಬಂತು, ದಾಬ್ಸ್ ಅನ್ನೋ ಅಧಿಕಾರಿಯಿಂದ ನಮ್ಮ ದಾಬಸ್‌ಪೇಟೆಗೆ ಹೆಸರು ಬಂದ ಹಂಗೆ. ಈ ಪಟ್ಟಿ ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಉದ್ದ, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಲ್ಲು ಒಡೆದಾಗ ತಿಳಿ ಗುಲಾಬಿ ಬಣ್ಣದ ಹರಳು ಕಾಣುತ್ತಲ್ಲ, ಅದರೊಳಗೆ ಇರೋದೇ ಪೊಟ್ಯಾಷ್. ಅಂದ್ರೆ ಪೊಟ್ಯಾಷಿನ ಬೆಟ್ಟದ ಬುಡದಲ್ಲೇ ನಾವು ಬೇಸಾಯ ಮಾಡ್ತಿರೋದು.

ಹಂಗಾದ್ರೆ ಅಂಗಡಿಯಿಂದ ಯಾಕೆ ತರಬೇಕು? ಆ ಹರಳು ಕರಗಿ ಬೇರಿಗೆ ಸಿಗೋದು ಬಹಳ ನಿಧಾನ. ಕಲ್ಲು ಸವೆದು ನಮ್ಮ ಕೆಂಪು ಮಣ್ಣಾಗೋ ಹೊತ್ತಿಗೆ ಅದರಲ್ಲಿದ್ದ ಪೊಟ್ಯಾಷ್ ಬಹುಪಾಲು ಮಳೆ ನೀರಲ್ಲಿ ತೊಳೆದು ಹೋಗಿರುತ್ತೆ. ಉಳಿದ ಜೇಡಿಗೂ ಅದನ್ನ ಹಿಡಿದಿಟ್ಕೊಳ್ಳೋ ಶಕ್ತಿ ಕಮ್ಮಿ. ಬಯಲುಸೀಮೆ ಕಪ್ಪು ಮಣ್ಣಿನೋರಿಗೆ ಈ ವಿಷಯದಲ್ಲಿ ಚಿಂತೆ ಕಮ್ಮಿ, ಅವರ ಮಣ್ಣಿಗೆ ದೊಡ್ಡ ಗಲ್ಲಾಪೆಟ್ಟಿಗೆ ಇದೆ. ನಮ್ಮದು ಜೇಬು. ಅದೂ ಸಣ್ಣ ಜೇಬು.

ಸಣ್ಣ ಜೇಬಿನೋರು ಹೆಂಗೆ ಬದುಕಿದ್ರು? ಇದ್ದದ್ದನ್ನೇ ತಿರುಗಿಸಿ ತಿರುಗಿಸಿ ಬಳಸ್ತಿದ್ರು. 1800ರಲ್ಲಿ, ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸ್ತಾನೆ. ಆತ ಊರೂರು ಸುತ್ತಿ ಯಾವ ಬೆಳೆ ಹೆಂಗೆ ಬೆಳೀತಾರೆ ಅಂತ ಬರ್ಕೊಂಡ. 1807ರಲ್ಲಿ ಅದು ಪುಸ್ತಕ ಆಯ್ತು. ಬೆಂಗಳೂರು ಸುತ್ತಮುತ್ತ ರೈತರು ಗುಂಡಿ ತೆಗೆದು ಅದಕ್ಕೆ ದನದ ಸಗಣಿ, ಕೊಟ್ಟಿಗೆ ಕಸ, ಮನೆ ಬೂದಿ ಎಲ್ಲಾ ತುಂಬ್ತಾರೆ, ಅದೇ ರಾಗಿ ಹೊಲಕ್ಕೆ ಹೋಗುತ್ತೆ ಅಂತ ಅದರಲ್ಲಿದೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆ ಹಿಂದೆ ಇದ್ದದ್ದೂ ಅದೇ ತಿಪ್ಪೆಗುಂಡಿ. ನೂರೆಂಬತ್ತು ವರ್ಷದಲ್ಲಿ ಏನೂ ಬದಲಾಗಿರಲಿಲ್ಲ.

ನಮ್ಮಜ್ಜಿ ಬೂದಿನ ಎಲ್ಲೆಂದ್ರಲ್ಲಿ ಚೆಲ್ಲೋಕೆ ಬಿಡ್ತಿರಲಿಲ್ಲ. ಪಾತ್ರೆ ತಿಕ್ಕೋಕೆ ಬೂದಿ, ಬಿತ್ತನೆ ಅವರೆಕಾಳಿಗೆ ಹುಳ ಬೀಳದಂಗೆ ಬೂದಿ, ಬದನೆ ಸಸಿ ಮೇಲೆ ಉದುರಿಸೋಕೆ ಬೂದಿ, ಮಿಕ್ಕದ್ದೆಲ್ಲಾ ತಿಪ್ಪೆಗೆ. ಕೊಟ್ಟಿಗೆ ನೆಲ ಮಣ್ಣಿಂದು. ದನ ಗಂಜಲ ಹುಯ್ದ್ರೆ ಕೆಳಗೆ ಹಾಸಿದ ತರಗು, ಮಣ್ಣು ಕುಡೀತಿತ್ತು. ವರ್ಷಕ್ಕೊಂದು ಸಲ ಆ ನೆಲದ ಮಣ್ಣನ್ನೇ ಕೆತ್ತಿ ಹೊಲಕ್ಕೆ ಹೊಡೆದು, ಹೊಸ ಮಣ್ಣು ಹಾಕ್ತಿದ್ರು. ರಾಗಿ ಕೊಯ್ದ ಮೇಲೆ ಸಿರಾ ಕಡೆಯಿಂದ ಕುರಿಯೋರು ಬಂದ್ರೆ ಎರಡು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿ ರಾಗಿ ಅಳೆದು ಕೊಡ್ತಿದ್ರು. ನಮ್ಮಪ್ಪನಿಗೆ ಪೊಟ್ಯಾಷ್ ಅನ್ನೋ ಪದ ಗೊತ್ತಿರಲಿಲ್ಲ. ಆದ್ರೆ ಈ ಮೂರೂ ಕೆಲಸ ಪೊಟ್ಯಾಷಿಂದೇ. ದನ ತಿಂದ ಪೊಟ್ಯಾಷಲ್ಲಿ ಬಹುಪಾಲು ಹೊರಗೆ ಬರೋದು ಗಂಜಲದಲ್ಲಿ, ಸಗಣಿಯಲ್ಲಿ ಬರೋದು ಕಮ್ಮಿ. ಕಟ್ಟಿಗೆ ಸುಟ್ಟಾಗ ಸಾರಜನಕ ಹೊಗೆಯಾಗಿ ಹೋದ್ರೂ ಪೊಟ್ಯಾಷ್ ಬೂದಿಯಲ್ಲೇ ಉಳಿಯುತ್ತೆ.

ಪೊಟ್ಯಾಷ್ ಅನ್ನೋ ಹೆಸರೇ ಬೂದಿಯಿಂದ ಬಂದದ್ದು. ಇಂಗ್ಲಿಷಲ್ಲಿ ಪಾಟ್ ಅಂದ್ರೆ ಮಡಕೆ, ಆಶ್ ಅಂದ್ರೆ ಬೂದಿ. ಯೂರೋಪಿನೋರು ಮರದ ಬೂದಿನ ನೀರಲ್ಲಿ ಕಲೆಸಿ, ಸೋಸಿ, ಆ ನೀರನ್ನ ಕಡಾಯಿಯಲ್ಲಿ ಬತ್ತಿಸಿ ಉಪ್ಪು ತೆಗೀತಿದ್ರು, ಸೋಪಿಗೆ, ಗಾಜಿಗೆ. ಅಮೆರಿಕದ ಸರ್ಕಾರ 1790ರಲ್ಲಿ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಕೂಡ ಬೂದಿಯಿಂದ ಪೊಟ್ಯಾಷ್ ತೆಗೆಯೋ ವಿಧಾನಕ್ಕೆ. 1840ರಲ್ಲಿ ಲೀಬಿಗ್ ಅನ್ನೋ ಜರ್ಮನ್ ವಿಜ್ಞಾನಿ, ಗಿಡ ಮಣ್ಣಿಂದ ತಗೊಂಡ ಲವಣವನ್ನ ನಾವು ಮಣ್ಣಿಗೆ ವಾಪಸ್ ಕೊಡಲೇಬೇಕು ಅಂತ ಬರೆದ. 1861ರಲ್ಲಿ ಜರ್ಮನಿಯ ಸ್ಟಾಸ್‌ಫುರ್ಟ್ ಅನ್ನೋ ಊರಲ್ಲಿ ಉಪ್ಪಿನ ಗಣಿಯಿಂದ ಪೊಟ್ಯಾಷ್ ಗೊಬ್ಬರ ಮಾಡೋ ಕಾರ್ಖಾನೆ ಶುರುವಾಯ್ತು. ಕೆನಡಾದ ದೊಡ್ಡ ಗಣಿಗಳು ಬಂದದ್ದು 1960ರ ದಶಕದಲ್ಲಿ. ಇವತ್ತು ನಾವು ಚೆಲ್ಲೋ ಪೊಟ್ಯಾಷ್ ಕೆನಡಾ, ರಷ್ಯಾ, ಬೆಲಾರಸ್, ಜೋರ್ಡಾನ್, ಇಸ್ರೇಲ್ ಕಡೆಯಿಂದ ಹಡಗಲ್ಲಿ ಬಂದದ್ದು. ಯೂರಿಯಾನ ಮಂಗಳೂರಲ್ಲೇ 1976ರಿಂದ ಮಾಡ್ತಿದ್ದಾರೆ. ಪೊಟ್ಯಾಷ್ ಗೊಬ್ಬರಕ್ಕೆ ಮಾತ್ರ ನಮ್ಮ ದೇಶ ಹೊರಗಿನ ಗಣಿಗಳನ್ನೇ ನಂಬಿಕೊಂಡಿದೆ.

ನಮ್ಮ ಕಡೆ ವಿಜ್ಞಾನ ಹೊಲಕ್ಕೆ ಇಳಿದದ್ದು 1899ರಲ್ಲಿ. ಆವಾಗ ರಾಜ್ಯ ನೋಡ್ಕೊಳ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗದ ಹೊಲ ಶುರು ಮಾಡ್ಸಿದ್ರು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂತು. ಜಿಕೆವಿಕೆಯ ಒಣಬೇಸಾಯದೋರು 1978ರಿಂದ ಒಂದು ಕೆಲಸ ಮಾಡಿದ್ರು. ಅದೇ ಕೆಂಪು ಮಣ್ಣಲ್ಲಿ, ಅದೇ ತಾಕಲ್ಲಿ, ವರ್ಷ ವರ್ಷ ರಾಗಿ ಬೆಳೆದು ನೋಡಿದ್ರು. ಬರೀ ಮೂಟೆ ಗೊಬ್ಬರ ಹಾಕಿದ ತಾಕಲ್ಲಿ ಇಳುವರಿ ಬರ್ತಾ ಬರ್ತಾ ಇಳೀತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಜೊತೆಗೆ ಶಿಫಾರಸು ಗೊಬ್ಬರ ಹಾಕಿದ ತಾಕು ನಿಂತ್ಕೊಂಡಿತು. ನಮ್ಮಜ್ಜಿ ತಿಪ್ಪೆಗುಂಡಿಗೆ ಅಲ್ಲಿ ಒಂದು ಸರ್ಟಿಫಿಕೇಟ್ ಸಿಕ್ಕಂಗಾಯ್ತು.

ಆದ್ರೆ ಆ ಹೊತ್ತಿಗೆ ನಾವು ತಿಪ್ಪೆಗುಂಡಿ ದಾರಿಗಳನ್ನ ಒಂದೊಂದಾಗಿ ಮುಚ್ಚೋಕೆ ಶುರು ಮಾಡಿದ್ವಿ. ಕೆಟ್ಟದ್ದಕ್ಕೆ ಅಂತ ಯಾರೂ ಮಾಡಿದ್ದಲ್ಲ. 1970ರ ದಶಕದ ಮಧ್ಯದಲ್ಲಿ ಹಾಲಿನ ಸಹಕಾರ ಸಂಘಗಳು ಬಂದ್ವು, ನಾಟಿ ಹಸು ಹೋಗಿ ಸೀಮೆ ಹಸು ಬಂತು. ಕೈಗೆ ಹದಿನೈದು ದಿನಕ್ಕೊಂದು ಸಲ ಬಟವಾಡೆ ಬಂತು, ನನ್ನ ಮಕ್ಕಳು ಓದಿದ್ದೇ ಆ ದುಡ್ಡಲ್ಲಿ. ಹಸು ಕಾಲು ಜಾರಬಾರದು, ಕೆಚ್ಚಲು ಚೊಕ್ಕಟವಾಗಿರಬೇಕು ಅಂತ ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ್ವಿ. ತೊಳೆದ ನೀರು, ಗಂಜಲ ಎರಡೂ ಮೋರಿ ಹಿಡ್ಕೊಂಡು ರಸ್ತೆ ಪಕ್ಕದ ಹಳ್ಳ ಸೇರ್ತು. ಗ್ಯಾಸ್ ಒಲೆ ಬಂತು, ಹೆಂಗಸರ ಕಣ್ಣು ಉಳೀತು, ಬೂದಿ ನಿಂತೋಯ್ತು. ಕುರಿಯೋರು ಬರೋದು ಕಮ್ಮಿಯಾಯ್ತು. ಮೂರೂ ಒಳ್ಳೇದೇ, ಆದ್ರೆ ಮೂರು ದಾರಿ ಮುಚ್ಚಿದ್ವಲ್ಲ, ಅದಕ್ಕೆ ಬದಲು ಏನು ಕೊಡ್ತೀವಿ ಅಂತ ಲೆಕ್ಕ ಹಾಕಲಿಲ್ಲ.

ಅಂಗಡಿ ಕಡೆಯಿಂದಲೂ ಹೊಡೆತ ಬಿತ್ತು. 1992ರ ಆಗಸ್ಟಲ್ಲಿ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರದ ಬೆಲೆ ನಿಯಂತ್ರಣ ತೆಗೀತು, ಯೂರಿಯಾದ್ದು ಹಂಗೇ ಉಳಿಸ್ಕೊಂಡ್ತು. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆ 5.9 : 2.4 : 1 ಇದ್ದದ್ದು ಒಂದೇ ವರ್ಷದಲ್ಲಿ 9.5 : 3.2 : 1 ಆಯ್ತು. ಆಮೇಲೆ ಸರ್ಕಾರ ರಿಯಾಯಿತಿ ಕೊಟ್ಟು ಪೊಟ್ಯಾಷ್ ಟನ್ನಿಗೆ 4,455 ರೂಪಾಯಿಗೆ ನಿಲ್ಲಿಸ್ತು, ಮೂಟೆಗೆ 223 ಬಿದ್ದಂಗೆ. 2010ರ ಏಪ್ರಿಲಲ್ಲಿ ಸಬ್ಸಿಡಿ ಲೆಕ್ಕ ಬದಲಾಯ್ತು, ಎರಡು ವರ್ಷದಲ್ಲಿ ಬೆಲೆ ಮೂರು ಪಟ್ಟು ದಾಟಿತು. 2022ರಲ್ಲಿ ರಷ್ಯಾ, ಬೆಲಾರಸ್ ಕಡೆ ಗಲಾಟೆ ಆದಾಗ 50 ಕೆಜಿ ಮೂಟೆ 1,700 ರೂಪಾಯಿ. ಯೂರಿಯಾ ಹಾಕಿದ್ರೆ ನಾಲ್ಕು ದಿನಕ್ಕೆ ಹೊಲ ಕಪ್ಪಗೆ ಹಸಿರಾಗಿ ಕಣ್ಣಿಗೆ ಕಾಣುತ್ತೆ. ಪೊಟ್ಯಾಷ್ ಹಾಕಿದ್ದು ಕಾಣಲ್ಲ. ಕಾಣದೇ ಇರೋ ಗೊಬ್ಬರಕ್ಕೆ ಅಷ್ಟು ದುಡ್ಡು ಯಾರು ಕೊಡ್ತಾರೆ? ನಾವೂ ಬಿಟ್ವಿ.

ರಾಗಿ ಇರೋವರೆಗೂ ಇದು ಅಷ್ಟಾಗಿ ಗೊತ್ತಾಗಲಿಲ್ಲ. ರಾಗಿ ಹುಲ್ಲು ನಮ್ಮ ಮೆದೆಗೇ ಬರುತ್ತೆ, ನಮ್ಮ ಹಸುವೇ ತಿನ್ನುತ್ತೆ, ಒಂದಷ್ಟಾದ್ರೂ ಹೊಲಕ್ಕೆ ವಾಪಸ್ ಹೋಗುತ್ತೆ. ಬಣ್ಣ ಬಯಲಾದದ್ದು ಸೈಲೇಜ್ ಬಂದಾಗ.

ಈಗ ಲೆಕ್ಕ ನೋಡಿ. ಇದನ್ನ ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಮುಸುಕಿನ ಜೋಳನ ಕಾಳಿಗೆ ಬೆಳೆದ್ರೆ, ಒಂದು ಟನ್ ಕಾಳು ಹೊರಗೆ ಒಯ್ಯೋದು 4-5 ಕೆಜಿ ಪೊಟ್ಯಾಷ್. ಎಕರೆಗೆ 25 ಕ್ವಿಂಟಾಲ್ ಅಂದ್ರೂ 10-12 ಕೆಜಿ. ಮಿಕ್ಕದ್ದೆಲ್ಲಾ ದಂಟಲ್ಲಿ, ಎಲೆಯಲ್ಲಿ ಇರುತ್ತೆ, ದಂಟು ಹೊಲದಲ್ಲೇ ಉಳಿದ್ರೆ ಮಣ್ಣಿಗೇ ಬರುತ್ತೆ. ಸೈಲೇಜಿಗೆ ಬುಡದಿಂದ ಕೊಯ್ದು ಪೂರ್ತಿ ಒಯ್ತೀವಿ. ಹಸಿ ಮೇವು ಟನ್ನಿಗೆ ಹತ್ತಿರ ಹತ್ತಿರ 4 ಕೆಜಿ. ಎಕರೆಗೆ 15 ಟನ್ ಬಂದ್ರೆ 60 ಕೆಜಿ. ಮೂಟೆಯಲ್ಲಿ ಪೊಟ್ಯಾಷ್ ಇರೋದು ನೂರಕ್ಕೆ 60, ಅಂದ್ರೆ 50 ಕೆಜಿ ಮೂಟೆಗೆ 30 ಕೆಜಿ. ಹಂಗಾದ್ರೆ ಒಂದು ಎಕರೆ ಸೈಲೇಜ್ ಎರಡು ಮೂಟೆ ಪೊಟ್ಯಾಷ್ ಹೊತ್ಕೊಂಡು ಹೋಗುತ್ತೆ.

ನಾವು ಹಾಕ್ತಿರೋದು ಎಷ್ಟು? ನೀರಾವರಿ ಜೋಳಕ್ಕೆ ವಿಶ್ವವಿದ್ಯಾನಿಲಯದ ಶಿಫಾರಸು ಹೆಕ್ಟೇರಿಗೆ 150 : 75 : 40. ಪೊಟ್ಯಾಷ್ 40 ಅಂದ್ರೆ ಎಕರೆಗೆ 16 ಕೆಜಿ, ಮೂಟೆ ಲೆಕ್ಕದಲ್ಲಿ 27 ಕೆಜಿ. ಕಾಳಿನ ಜೋಳಕ್ಕೆ ಅದು ಸರಿಯಾಗೇ ಇದೆ. ಅದೇ ಅಳತೆ ಇಟ್ಕೊಂಡು ವರ್ಷಕ್ಕೆ ಎರಡು ಸಲ ಸೈಲೇಜ್ ಕೊಯ್ದ್ರೆ ಒಂದೊಂದು ಸಲಕ್ಕೂ 40 ಕೆಜಿ ಮೇಲೆ ಮಣ್ಣಿಂದ ಕಿತ್ಕೊಂಡಂಗೆ. ಸಣ್ಣ ಜೇಬು ಅಂತ ಆಗಲೇ ಹೇಳಿದ್ನಲ್ಲ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದು. 2019ರ ಮುಂಗಾರು. ಅದಕ್ಕೆ ಮುಂಚೆ ಮೂರು ವರ್ಷ ಅದೇ ಮುಕ್ಕಾಲು ಎಕರೆಯಲ್ಲಿ ಆಫ್ರಿಕನ್ ಟಾಲ್ ಹಾಕಿ ಸೈಲೇಜ್ ಮಾಡಿದ್ದೆ. ಆ ವರ್ಷ ಬುದ್ಧಿವಂತಿಕೆ ಮಾಡೋಣ ಅಂತ, ಈಗ ಆ ಹುಡುಗ ಕೇಳಿದ್ನಲ್ಲ, ಥೇಟು ಹಂಗೇ, ಭರಣಿ ಮಳೆಗೆ ಅಲಸಂದೆ ಚೆಲ್ಲಿ ಒಂದು ಮೂಟೆ ಪೊಟ್ಯಾಷ್ ಅದಕ್ಕೇ ಹಾಕಿದೆ. ಉತ್ತು ಮುಚ್ಚೋಣ ಅಂತಿದ್ದೆ. ಜೂನಲ್ಲಿ ಮೇವು ಖಾಲಿ. ಅಲಸಂದೆ ಮೊಣಕಾಲುದ್ದ ಸೊಂಪಾಗಿ ನಿಂತಿದೆ, ಕೊಟ್ಟಿಗೆಯಲ್ಲಿ ಹಸು ಕೂಗ್ತಿದೆ. ಏನು ಮಾಡ್ತೀರಿ? ಕೊಯ್ದು ಹಾಕ್ದೆ. ದಿನಾ ಒಂದೊಂದು ಹೊರೆ, ಹದಿನೆಂಟು ದಿನದಲ್ಲಿ ಹೊಲ ಬೋಳು. ಪುನರ್ವಸು ಮಳೆಗೆ ಜೋಳ ಹಾಕಿದೆ, ಪೊಟ್ಯಾಷ್ ಆಗಲೇ ಹಾಕಿದೀನಲ್ಲ ಅಂತ ಬರೀ ಡಿಎಪಿ, ಯೂರಿಯಾ ಕೊಟ್ಟೆ.

ನಲವತ್ತು ದಿನಕ್ಕೆ ಕೆಳಗಿನ ಎಲೆಗಳ ಅಂಚು ಬೆಂಕಿ ತಾಗಿದಂಗೆ ಸುಟ್ಟುಕೊಂಡು ಬಂತು. ನಡು ನರ ಹಸಿರು, ಅಂಚು ಮಾತ್ರ ಒಣಗಿ ಕಂದು. ನೀರು ಕಮ್ಮಿ ಅಂತ ನೀರು ಬಿಟ್ಟೆ, ರೋಗ ಅಂತ ಔಷಧಿ ಹೊಡೆದೆ. ತೆನೆ ಬಂದ ಮೇಲೆ ಒಂದು ರಾತ್ರಿ ಗಾಳಿ ಮಳೆ, ಬೆಳಿಗ್ಗೆ ನೋಡಿದ್ರೆ ಅರ್ಧ ಬೆಳೆ ಮಲಗಿದೆ. ದಂಟು ಒಳಗೆ ಪೊಳ್ಳು. ಮಣ್ಣು ಪರೀಕ್ಷೆ ಚೀಟಿಯಲ್ಲಿ ಪೊಟ್ಯಾಷ್ ಮುಂದೆ "ಕಡಿಮೆ" ಅಂತ ಬಂತು. ಆ ಚೀಟಿ ಎರಡು ವರ್ಷದಿಂದ ನಮ್ಮ ದೇವರ ಗೂಡಲ್ಲಿ ಕ್ಯಾಲೆಂಡರ್ ಹಿಂದೆಯೇ ಇತ್ತು, ನಾನು ಓದಿರಲಿಲ್ಲ.

ಅದೇ ತಿಂಗಳು ಕರು ಹಾಕಿದ ನಮ್ಮ ಹಸು ಮಾರನೇ ದಿನ ನೆಲ ಹಿಡೀತು. ಹಾಲು ಜ್ವರ. ಡಾಕ್ಟ್ರು ಕ್ಯಾಲ್ಸಿಯಂ ಏರಿಸಿ ಎಬ್ಬಿಸಿದ್ರು. ಎದ್ದ ಮೇಲೆ ಅವರು ಮೊದ್ಲು ಕೇಳಿದ್ದು, "ಗಬ್ಬದಲ್ಲಿದ್ದಾಗ ಏನು ಮೇವು ಹಾಕಿದ್ರಿ?" ಅಂತ. ಪೊಟ್ಯಾಷ್ ಸಿಕ್ಕಷ್ಟೂ ಗಿಡ ಕುಡ್ಕೊಂಡೇ ಇರುತ್ತೆ, ತನಗೆ ಬೇಕಾದ್ದಕ್ಕಿಂತ ಜಾಸ್ತಿ. ಅಂಥ ಮೇವನ್ನ ಕರು ಹಾಕೋ ಮುಂಚಿನ ಮೂರು ವಾರದಲ್ಲಿ ತುಂಬಾ ಹಾಕಿದ್ರೆ, ಹಸು ತನ್ನ ಮೂಳೆಯಿಂದ ಕ್ಯಾಲ್ಸಿಯಂ ಎಳ್ಕೊಳ್ಳೋದಕ್ಕೆ ಅಡ್ಡಿ ಆಗುತ್ತೆ. ಒಂದು ಮೂಟೆ ಪೊಟ್ಯಾಷ್ ಜೋಳಕ್ಕೂ ಸಿಗಲಿಲ್ಲ, ಹಸುಗೂ ಒಗ್ಗಲಿಲ್ಲ, ಕೊನೆಗೆ ಗಂಜಲದ ಜೊತೆ ಮೋರಿಗೆ ಹೋಯ್ತು.

ಇಲ್ಲೊಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಅಲಸಂದೆ, ಹುರುಳಿ, ಸೆಣಬು ಹಾಕಿದ್ರೆ ಮಣ್ಣಿಗೆ ಗೊಬ್ಬರ ಆಗುತ್ತೆ ಅಂತೀವಿ. ಸಾರಜನಕದ ಮಟ್ಟಿಗೆ ನಿಜ, ಬೇರಿನ ಗಂಟಲ್ಲಿರೋ ಜೀವಾಣು ಅದನ್ನ ಗಾಳಿಯಿಂದ ಹಿಡಿದು ತರುತ್ತೆ. ಪೊಟ್ಯಾಷ್ ಗಾಳಿಯಲ್ಲಿಲ್ಲ. ಹೊದಿಕೆ ಬೆಳೆ ಪೊಟ್ಯಾಷನ್ನ ಹುಟ್ಟಿಸಲ್ಲ, ಮಣ್ಣಲ್ಲಿರೋದನ್ನೇ ಎತ್ತಿ ಸ್ವಲ್ಪ ದಿನ ಹಿಡ್ಕೊಂಡಿರುತ್ತೆ. ಇದೂ ಸಣ್ಣ ಉಪಕಾರ ಅಲ್ಲ. ನಮ್ಮ ಮರಳು ಮಣ್ಣಲ್ಲಿ ಜೋರು ಮಳೆಗೆ ಕೆಳಗೆ ಇಳಿದು ಹೋಗೋದನ್ನ ತಡೆಯುತ್ತೆ. ಎಕರೆಗೆ 4 ಟನ್ ಹಸಿರು ಇದ್ರೆ ಅದರಲ್ಲಿ 15 ಕೆಜಿ ಆಸುಪಾಸು ಪೊಟ್ಯಾಷ್ ಇರುತ್ತೆ. ಉತ್ತು ಮುಚ್ಚಿದ್ರೆ ಅದು ಬೇಗ ಸಿಗುತ್ತೆ. ಸಾರಜನಕ ಬರೋಕೆ ಎಲೆ ಕೊಳೀಬೇಕು. ಪೊಟ್ಯಾಷ್ ಗಿಡದ ರಸದಲ್ಲೇ ಕರಗಿಕೊಂಡಿರೋದ್ರಿಂದ ಗಿಡ ಸತ್ತು ಎರಡು ಒಳ್ಳೇ ಮಳೆ ಬಿದ್ರೆ ಮಣ್ಣಿಗೆ ಇಳಿದು ಬರುತ್ತೆ. ಕೊಯ್ದು ಹೊರಗೆ ಹೊತ್ರೆ ಆ 15 ಕೆಜಿ ಹೊಲದ ಲೆಕ್ಕದಿಂದ ಹೋಯ್ತು ಅಂತ ತಿಳ್ಕೊಳ್ಳಿ.

ಆ ಹುಡುಗನಿಗೆ ನನ್ನ ಉತ್ತರ ಇಷ್ಟು.

ಒಂದು, ಪೊಟ್ಯಾಷ್ ಮೂಟೆನ ಜೋಳಕ್ಕೇ ಇಟ್ಕೊಳ್ಳಿ. ಅಲಸಂದೆನ ಖಂಡಿತ ಉತ್ತು ಮುಚ್ಚೋರಿಗೆ ಅದಕ್ಕೆ ಹಾಕಿದ್ರೂ ನಷ್ಟ ಇಲ್ಲ. ಆದ್ರೆ ಜೂನಲ್ಲಿ ಹಸು ಕೂಗಿದಾಗ ನಮ್ಮ ಮಾತು ನಿಲ್ಲಲ್ಲ.

ಎರಡು, ಅಲಸಂದೆ ಹೂ ಕಟ್ಟೋ ಹೊತ್ತಿಗೆ, ಸುಮಾರು 45 ದಿನಕ್ಕೆ, ರೋಟವೇಟರ್ ಹೊಡೆದು ಹತ್ತು-ಹದಿನೈದು ದಿನ ಬಿಟ್ಟು ಜೋಳ ಹಾಕಿ.

ಮೂರು, ಜೋಳಕ್ಕೆ ಪೊಟ್ಯಾಷ್ ಎರಡು ಕಂತಲ್ಲಿ ಕೊಡಿ. ಅರ್ಧ ಬಿತ್ತುವಾಗ, ಬೀಜಕ್ಕೆ ತಾಗದಂಗೆ ಪಕ್ಕದ ಸಾಲಲ್ಲಿ. ಅದು ಉಪ್ಪು, ಬೀಜಕ್ಕೆ ತಾಗಿದ್ರೆ ಮೊಳಕೆ ಸುಡುತ್ತೆ. ಇನ್ನರ್ಧ 30-35 ದಿನಕ್ಕೆ, ಮೊಣಕಾಲುದ್ದ ಬಂದಾಗ, ಯೂರಿಯಾ ಕೊಟ್ಟು ಮಣ್ಣೇರಿಸೋ ಹೊತ್ತಿಗೆ. ಜೋಳ ಪೊಟ್ಯಾಷನ್ನ ಜೋರಾಗಿ ಎಳೆಯೋದು ಅಲ್ಲಿಂದ ಸೂಲಂಗಿ ಬರೋವರೆಗೂ. ಸೂಲಂಗಿ ಬಂದ ಮೇಲೆ ಹಾಕಿದ್ದು ಆ ಬೆಳೆಗೆ ಹೆಚ್ಚು ಉಪಯೋಗಕ್ಕೆ ಬರಲ್ಲ.

ನಾಲ್ಕು, ಎಷ್ಟು ಅಂತ ಮಣ್ಣು ಪರೀಕ್ಷೆ ಚೀಟಿ ನೋಡಿ ತೀರ್ಮಾನ ಮಾಡಿ. ಹೋದ ಸಲ ಎಷ್ಟು ಟನ್ ಹೊರಗೆ ಹೋಯ್ತು ಅಂತ ಬರೆದಿಡಿ, ಟನ್ನಿಗೆ 4 ಕೆಜಿ ಗುಣಿಸಿ. ಅದರಲ್ಲಿ ಉತ್ತು ಮುಚ್ಚಿದ ಹಸಿರಿಗೆ ಏನೂ ಕಳೀಬೇಡಿ, ಅದು ಹೊಲದ್ದೇ ದುಡ್ಡು. ಕೊಟ್ಟಿಗೆ ಗೊಬ್ಬರಕ್ಕೆ ಕಳೀಬಹುದು, ಟನ್ನಿಗೆ 5 ಕೆಜಿ ಲೆಕ್ಕ.

ಐದು, ಮೋರಿ ತಿರುಗಿಸಿ. ನಾನು ಕೊಟ್ಟಿಗೆ ಮೋರಿ ಕೊನೇಲಿ ಒಂದು ಗುಂಡಿ ತೆಗ್ಸಿ, ಕಸಕಡ್ಡಿ, ತಿಂದು ಬಿಟ್ಟ ದಂಟು ತುಂಬಿ, ಗಂಜಲ ಅದಕ್ಕೇ ಇಳಿಯೋ ಹಂಗೆ ಮಾಡಿದೀನಿ. ತುಂಬಿದಾಗ ಎತ್ತಿ ಹೊಲಕ್ಕೆ. ಕೂಲಿ ಬಿಟ್ರೆ ಖರ್ಚಿಲ್ಲ.

ಕೊನೇದಾಗಿ, ನಿಂತ ಜೋಳನ ಟನ್ ಲೆಕ್ಕ ಮಾರೋರಿಗೆ ಒಂದು ಮಾತು. ನಮ್ಮ ಹಸು ತಿಂದ್ರೆ ಗುಂಡಿಗಾದ್ರೂ ಬರುತ್ತೆ, ಲಾರಿ ಹತ್ತಿದ್ದು ಬರಲ್ಲ. 1,700 ರೂಪಾಯಿ ಮೂಟೆ ಲೆಕ್ಕಕ್ಕೆ ಒಂದು ಟನ್ ಸೈಲೇಜಲ್ಲಿ 225 ರೂಪಾಯಿ ಚಿಲ್ಲರೆ ಪೊಟ್ಯಾಷೇ ಇರುತ್ತೆ, 15 ಟನ್ನಿಗೆ 3,400. ವ್ಯಾಪಾರಿ ರೇಟ್ ಹೇಳಿದಾಗ ಬೀಜ, ಉಳುಮೆ, ಯೂರಿಯಾ ಕಳೆದು ಲಾಭ ಎಣಿಸ್ತೀವಿ. ಇದನ್ನೂ ಕಳೆದು ನೋಡಿ, ಆಮೇಲೆ ಕೈ ಕೊಡಿ. ಕಮ್ಮಿ ಬಿದ್ರೆ ರೇಟ್ ಜಾಸ್ತಿ ಕೇಳಿ, ಇಲ್ಲಾ ಎರಡು ಮೂಟೆ ದುಡ್ಡು ಅವತ್ತೇ ಬೇರೆ ಎತ್ತಿಡಿ.

ನಮ್ಮಜ್ಜಿಗೆ ಈ ಗುಣಾಕಾರ ಬರ್ತಿರಲಿಲ್ಲ. ಬೂದಿ ತಿಪ್ಪೆಗೆ ಹಾಕದೇ ಬಾಗಿಲಲ್ಲಿ ಚೆಲ್ಲಿದ್ರೆ ಮಾತ್ರ ಬೈಸ್ಕೊಳ್ತಿದ್ವಿ.

ಈ ವರ್ಷ ನಾನು ಅಲಸಂದೆನ ಮೂರು ಪಾಲು ಉತ್ತು ಮುಚ್ತೀನಿ, ಒಂದು ಪಾಲು ಮೇವಿಗೆ ಅಂತ ಮೊದ್ಲೇ ಗೆರೆ ಎಳೆದು ಬಿಟ್ಟಿದ್ದೀನಿ. ಆ ಒಂದು ಪಾಲಿನ ಜಾಗಕ್ಕೆ ಜೋಳದಲ್ಲಿ ಪೊಟ್ಯಾಷ್ ಜಾಸ್ತಿ ಕೊಡ್ತೀನಿ. ಸೂಲಂಗಿ ಬಂದಾಗ ಎರಡೂ ಕಡೆ ಕೆಳಗಿನ ಎಲೆ ಫೋಟೋ ಹಾಕ್ತೀನಿ, ನೋಡಿ ಹೇಳಿ. ನಿಮ್ಮ ಹೊಲದಲ್ಲಿ ಎಲೆ ಅಂಚು ಸುಟ್ಟಿದ್ರೆ ಔಷಧಿ ಅಂಗಡಿಗೆ ಓಡೋ ಮುಂಚೆ ಮಣ್ಣು ಚೀಟಿ ಹುಡುಕಿ. ನಮ್ಮನೇಲಿ ಇದ್ದಂಗೆ ನಿಮ್ಮನೇಲೂ ಕ್ಯಾಲೆಂಡರ್ ಹಿಂದೆ ಇರಬಹುದು.